ಏನು ಹೆಣೆಯೋಣ? ಕ್ರೋಶಾ ಕೆಲಸಕ್ಕೆ ಮಾದರಿ ಹುಡುಕುವ ಬಗೆ

(ಕೆಂಗೇರಿ ಹೋಬಳಿಯ ಹಳ್ಳಿಯೊಂದರಲ್ಲಿ ಮಹಿಳಾ ಮಂಡಳಿಯವರೂ ರೈತರೂ ಕೂಡಿದ್ದ ಸಭೆಯಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ಪ್ರತಿ ಸಲವೂ ನಾನು ನಿಮ್ಮ ಮುಂದೆ ನಿಂತು ಬೀಜೋಪಚಾರ, ಗೊಬ್ಬರದ ಗುಂಡಿ, ರಾಗಿಯ ಬೆಂಕಿ ರೋಗ ಇವುಗಳ ವಿಷಯ ಹೇಳುತ್ತಿದ್ದೆ. ಈ ದಿವಸ ಕೈಯಲ್ಲಿ ಒಂದು ಕ್ರೋಶಾ ಕಡ್ಡಿ ಹಿಡಿದು ನಿಂತಿದ್ದೇನೆ. ಹಿಂದಿನ ಸಾಲಿನಲ್ಲಿ ಕುಳಿತ ಕೆಲವು ಯಜಮಾನರು ಮೀಸೆಯಡಿಯಲ್ಲಿ ನಗುತ್ತಿರುವುದು ನನಗೆ ಕಾಣುತ್ತಿದೆ. ನಗಲಿ. ಕೃಷಿ ಡಿಪ್ಲೊಮಾ ಓದಿದ ಹುಡುಗನಿಗೂ ಹೆಂಗಸರ ಕಡ್ಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2023ನೇ ಇಸವಿಯ ಮುಂಗಾರು ನಿಮಗೆಲ್ಲ ನೆನಪಿದೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರವು ಬರಪೀಡಿತವೆಂದು ಸಾರಿದ ವರ್ಷ ಅದು. ನಮ್ಮ ಮನೆಯ ಒಂದೂವರೆ ಎಕರೆ ರಾಗಿ ತೆನೆ ಕಟ್ಟುವ ಹೊತ್ತಿಗೆ ಒಣಗಿ ನಿಂತಿತು. ಕೊಳವೆ ಬಾವಿ ಗಾಳಿ ಉಗುಳಿತು. ತಂಗಿಗೆ ಕಾಲೇಜಿನ ಫೀಜು ಕಟ್ಟಬೇಕಾಗಿತ್ತು. ಆ ಹಣ ಹೊಲದಿಂದ ಬರಲಿಲ್ಲ. ನನ್ನ ಸಂಬಳದಲ್ಲಿಯೂ ಪೂರ್ತಿ ಒದಗಲಿಲ್ಲ. ನಮ್ಮವ್ವ ಸೀರೆಗಳಿಗೆ ಹಾಕಿದ ಕುಚ್ಚಿನಿಂದ ಬಂದಿತು.

ಆದರೆ ಆ ದುಡ್ಡು ಸುಲಭವಾಗಿ ಬರಲಿಲ್ಲ. ಅವ್ವ ಪೇಟೆಯ ಒಂದು ಅಂಗಡಿಗೆ ಕುಚ್ಚು ಹಾಕಿಕೊಡುತ್ತಿದ್ದಳು. ಅಂಗಡಿಯವರು ಒಂದು ಮಾದರಿ ಕೊಡುವರು. ಅದೇ ಮಾದರಿಯನ್ನು ಇನ್ನೂ ಹತ್ತು ಮಂದಿ ಹೆಂಗಸರಿಗೆ ಕೊಟ್ಟಿರುವರು. ಕೂಲಿ ಹೆಚ್ಚು ಕೇಳಿದರೆ, “ನಿನಗೆ ಆಗದಿದ್ದರೆ ಬಿಡಮ್ಮ, ಇನ್ನೊಬ್ಬಳು ಹತ್ತು ರೂಪಾಯಿ ಕಡಿಮೆಗೆ ಮಾಡುತ್ತಾಳೆ” ಎನ್ನುವರು. ಮನೆಯಲ್ಲಿ ನಮ್ಮಪ್ಪ, “ಕೂತು ದಾರ ಸುತ್ತುವುದೂ ಒಂದು ಕೆಲಸವೇನೇ?” ಎನ್ನುತ್ತಿದ್ದ. ಅವ್ವ ಎರಡಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಒಂದು ದಿವಸ ಪಕ್ಕದ ಮನೆಯ ಹುಡುಗಿಯ ಮದುವೆ ಸೀರೆಗೆ ಕುಚ್ಚು ಹಾಕುವ ಕೆಲಸ ಬಂತು. ಅಂಗಡಿಯ ಮಾದರಿ ಬೇಡವೆನಿಸಿತೋ ಏನೋ, ಅವ್ವ ಒಣಗಿದ ಹೊಲದಿಂದ ಒಂದು ರಾಗಿ ತೆನೆ ಕಿತ್ತು ತಂದು ಎದುರಿಗೆ ಇಟ್ಟುಕೊಂಡಳು. ತೆನೆಯ ಐದು ಬೆರಳು ಒಳಕ್ಕೆ ಮಡಿಸಿದ ಹಾಗೆ ಕುಚ್ಚು ಹೆಣೆದಳು. ರಾಗಿಕಾಳಿನ ಬಣ್ಣದ ಸಣ್ಣ ಮಣಿ ಪೋಣಿಸಿದಳು. ಮದುವೆಗೆ ವಿಜಯನಗರದಿಂದ ಬಂದಿದ್ದ ನೆಂಟರು ಸೆರಗು ಹಿಡಿದು ನೋಡಿ, “ಇದನ್ನು ಹಾಕಿದವರು ಯಾರು?” ಎಂದು ಕೇಳಿದರು. ಅಂದಿನಿಂದ ಬೆಲೆ ಹೇಳುವವಳು ಅವ್ವನೇ ಆದಳು.

ಕೈ ಅದೇ, ಕಡ್ಡಿ ಅದೇ, ದಾರ ಅದೇ. ಬದಲಾದದ್ದು ಮಾದರಿ ಒಂದೇ. ಆದ್ದರಿಂದ “ಏನು ಹೆಣೆಯೋಣ?” ಎಂಬುದು ಹೊತ್ತು ಕಳೆಯುವವರ ಪ್ರಶ್ನೆಯಲ್ಲ. “ಈ ವರ್ಷ ಏನು ಬಿತ್ತೋಣ?” ಎಂಬ ಪ್ರಶ್ನೆಯಷ್ಟೇ ತೂಕದ್ದು. ಇವತ್ತಿನ ನನ್ನ ಮಾತು ಇದರ ಮೇಲೆ.

ಕಡ್ಡಿಯ ಗುಣ

ಕ್ರೋಶಾ ಎಂಬ ಮಾತು ಫ್ರೆಂಚ್ ಭಾಷೆಯಿಂದ ಬಂದದ್ದು. ಸಣ್ಣ ಕೊಕ್ಕೆ ಎಂದು ಅದರ ಅರ್ಥ. ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು. ಇದಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ಮಗ್ಗ ಬೇಡ, ವಿದ್ಯುತ್ತು ಬೇಡ, ಕೊಠಡಿಯೂ ಬೇಡ. ಕುಣಿಕೆಯೊಳಗಿಂದ ದಾರ ಎಳೆದು ಇನ್ನೊಂದು ಕುಣಿಕೆ ಮಾಡುತ್ತ ಹೋಗುವುದೇ ಇದರ ವಿದ್ಯೆ. ಕುಣಿಕೆಗಳ ಸಾಲಿಗೆ ಸರಪಣಿ ಎನ್ನೋಣ; ನೀವು ಚೈನು ಎನ್ನುತ್ತೀರಿ. ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ ಎತ್ತರವಾಗಿ ಎಳೆದದ್ದು ಕಂಬ. ಈ ಎರಡು ಬಂದರೆ ಮುಕ್ಕಾಲು ವಿದ್ಯೆ ಬಂದಂತೆ.

ಇನ್ನೊಂದು ಮಾತು. ಸ್ವೆಟರ್ ಹೆಣೆಯಲು ಯಂತ್ರಗಳಿವೆ. ಲೇಸು ನೇಯಲೂ ಯಂತ್ರಗಳಿವೆ. ಆದರೆ ಪೇಟೆಯಲ್ಲಿ ನೀವು ಕಾಣುವ ನಿಜವಾದ ಕ್ರೋಶಾ ಕೈಯಿಂದ ಮಾಡಿದ್ದು. ಯಂತ್ರದಿಂದ ಬರುವುದು ಅದರಂತೆ ಕಾಣುವ ಬೇರೆ ಹೆಣಿಗೆ. ನಿಮ್ಮ ಕೈಗೆ ಬೆಲೆ ಇರುವುದು ಈ ಕಾರಣಕ್ಕೆ. ಅದನ್ನು ಅರಿಯದೆ ಅಗ್ಗಕ್ಕೆ ಮಾರಿಕೊಳ್ಳಬಾರದು.

ಯಜಮಾನರೇ, ಇದು ನಿಮಗೆ ಹೊಸದೆಂದು ತಿಳಿಯಬೇಡಿರಿ. ಎತ್ತಿನ ಬಾಯಿಗೆ ಕುಕ್ಕೆ ಹೆಣೆದವರು ಯಾರು? ಹುಲ್ಲು ಹೊರುವ ಕಲ್ಲಿ ಹೆಣೆದವರು ಯಾರು? ಬೆಣ್ಣೆ ಗಡಿಗೆ ಬೆಕ್ಕಿಗೆ ಸಿಕ್ಕದಂತೆ ತೊಲೆಗೆ ತೂಗುಹಾಕುವ ನೆಲವು ಹೆಣೆದವರು ಯಾರು? ನಿಮ್ಮ ತಂದೆ ತಾತಂದಿರೇ. ಹಗ್ಗ ಸಣ್ಣದಾಗಿ ದಾರವಾಯಿತು, ಬೆರಳಿನ ಬದಲು ಕೊಕ್ಕೆ ಬಂತು, ಅಷ್ಟೆ.

ಆಲೂಗೆಡ್ಡೆ ಹಾಳಾದಾಗ ಹುಟ್ಟಿದ ಕಸಬು

ಬರಗಾಲದಲ್ಲಿ ಕಡ್ಡಿ ಕೈಹಿಡಿದದ್ದು ನಮ್ಮ ಮನೆಯಲ್ಲೇ ಮೊದಲಲ್ಲ. ಐರ್ಲೆಂಡ್ ಎಂಬ ದೇಶದಲ್ಲಿ ಬಡ ರೈತರು ಆಲೂಗೆಡ್ಡೆಯೊಂದನ್ನೇ ನಂಬಿ ಬದುಕುತ್ತಿದ್ದರು. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ತಗುಲಿತು. ನಮ್ಮ ಹಾಸನದ ಕಡೆ ಆಲೂಗೆಡ್ಡೆ ಬೆಳೆಯುವವರನ್ನು ಇಂದಿಗೂ ಕಾಡುವ ರೋಗವೇ ಅದು. ಮುಂದಿನ ಕೆಲವೇ ವರ್ಷಗಳಲ್ಲಿ ಹಸಿವು ಮತ್ತು ಕಾಯಿಲೆಯಿಂದ ಸುಮಾರು 10 ಲಕ್ಷ ಜನ ಸತ್ತರು. ಹತ್ತು ಲಕ್ಷಕ್ಕೂ ಮೀರಿದ ಜನ ದೇಶ ಬಿಟ್ಟು ಹಡಗು ಹತ್ತಿದರು.

ಆ ಕಾಲದಲ್ಲಿ ಕಾನ್ವೆಂಟಿನ ಸಂನ್ಯಾಸಿನಿಯರೂ ಕೆಲವು ಗೃಹಿಣಿಯರೂ ಹಳ್ಳಿಯ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ ಈ ಕೆಲಸ ಆರಂಭಿಸಿದರು. ಆ ಲೇಸು ದೊಡ್ಡ ದೊಡ್ಡ ಪಟ್ಟಣಗಳ ಸಿರಿವಂತರ ಮನೆ ಸೇರಿತು. ಆ ದುಡ್ಡಿನಿಂದ ಎಷ್ಟೋ ಮನೆಗಳ ಒಲೆ ಉರಿಯಿತು.

ಅವರು ಹೆಣೆದದ್ದು ಏನು ಗೊತ್ತೇ? ಬೇಲಿಯ ಮೇಲಿನ ಗುಲಾಬಿ, ಹುಲ್ಲುಗಾವಲಿನ ಮೂರೆಲೆಯ ಗಿಡ, ದ್ರಾಕ್ಷಿ ಗೊಂಚಲು, ಎಲೆ, ಬಳ್ಳಿ. ಒಂದೊಂದು ಹೂವನ್ನೂ ಬೇರೆ ಬೇರೆ ಹೆಣೆದು, ಕೊನೆಗೆ ಬಲೆಯಂತಹ ಹೆಣಿಗೆಯಿಂದ ಒಂದಕ್ಕೊಂದು ಕೂಡಿಸುತ್ತಿದ್ದರು. ಒಂದೊಂದು ಮನೆತನವೂ ತನ್ನ ಹೂವನ್ನು ಬೇರೆಯವರಿಗೆ ತೋರದೆ ಕಾಪಾಡಿಕೊಳ್ಳುತ್ತಿತ್ತು ಎಂದು ಹೇಳುತ್ತಾರೆ. ಹೊಲ ಕೈಬಿಟ್ಟಿತು, ಆದರೆ ಹೊಲದ ಬದುವಿನಲ್ಲಿ ಕಂಡ ಗಿಡ ಕೈಬಿಡಲಿಲ್ಲ.

ನರಸಾಪುರದ ಪಾಠ

ಇನ್ನೊಂದು ಕಥೆ ನಮ್ಮ ನೆರೆಯ ಆಂಧ್ರದ್ದು. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು ತಲೆತಲಾಂತರದಿಂದ ಕ್ರೋಶಾ ಲೇಸು ಹೆಣೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿ ಈ ಕಸಬು ಕಲಿಸಿದರು. ಅವರ ಲೇಸು ಪರದೇಶಗಳಿಗೆ ಹೋಗುತ್ತದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಹ ದೊರೆಯಿತು. ಅಂದರೆ ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳಿಗೆ ಇರುವಂತಹ ಮಾನ್ಯತೆ. ಇದು ಸಂತೋಷದ ಸಂಗತಿ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಅಲ್ಲಿನ ಲೇಸಿನ ಹೆಂಗಸರನ್ನು ಕುರಿತು ಬರೆದ ಪುಸ್ತಕ 1982ರಲ್ಲಿ ಅಚ್ಚಾಯಿತು. ಹೆಂಗಸರು ದಿನವೆಲ್ಲ ದುಡಿದರೂ “ಮನೆಯಲ್ಲಿ ಕೂತವರು, ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ” ಎಂದು ಎಲ್ಲರೂ ಎಣಿಸಿದ್ದರು. ಅದರಿಂದ ಕೂಲಿ ತೀರ ಕಡಿಮೆಯಾಯಿತು. ಲಾಭವೆಲ್ಲ ವ್ಯಾಪಾರಿಗಳ ಪಾಲಾಯಿತು ಎಂಬುದನ್ನು ಆಕೆ ಬಿಡಿಸಿ ತೋರಿಸಿದರು. ನಮ್ಮಪ್ಪ ಹೇಳುತ್ತಿದ್ದ ಮಾತಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿರಿ! ಮನೆಯವರೇ ಕೆಲಸವಲ್ಲ ಎಂದ ಮೇಲೆ ಅಂಗಡಿಯವನು ಏಕೆ ಕೆಲಸವೆಂದಾನು?

ಮಾದರಿ ಎಲ್ಲಿದೆ?

ಈಗ ಮುಖ್ಯ ಮಾತಿಗೆ ಬರೋಣ. ಫೋನಿನಲ್ಲಿ ಸಾವಿರ ಮಾದರಿ ಸಿಕ್ಕುತ್ತವೆ ಎಂದು ಹುಡುಗಿಯರು ಹೇಳುತ್ತಾರೆ. ನಿಜ. ಕಂಬ ಹಾಕುವುದು ಹೇಗೆ, ದಾರ ಮುಗಿದಾಗ ಕೂಡಿಸುವುದು ಹೇಗೆ, ಇದನ್ನೆಲ್ಲ ಅದರಲ್ಲಿ ನೋಡಿ ಕಲಿಯಿರಿ. ತಪ್ಪೇನೂ ಇಲ್ಲ. ಆದರೆ ನೀವು ನೋಡಿದ ಮಾದರಿಯನ್ನೇ ಬಸವೇಶ್ವರನಗರದಲ್ಲಿ ನೂರು ಮಂದಿ ನೋಡಿರುತ್ತಾರೆ. ಎಲ್ಲರೂ ಒಂದೇ ವಾರ ಟೊಮ್ಯಾಟೊ ಕಿತ್ತು ಮಾರುಕಟ್ಟೆಗೆ ತಂದರೆ ಏನಾಗುತ್ತದೆ ಎಂಬುದು ನಿಮಗೆ ನಾನು ಹೇಳಬೇಕೇ? ಕೈಚಳಕ ಎಲ್ಲಿಂದಲಾದರೂ ಬರಲಿ. ಮಾದರಿ ಮಾತ್ರ ನಮ್ಮದಾಗಿರಲಿ. ಅದನ್ನು ಹುಡುಕಲು ನಾನು ಕಂಡ ನಾಲ್ಕು ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು ಹೊಲ, ತೋಟ. ರಾಗಿ ತೆನೆಯ ವಿಷಯ ಹೇಳಿದೆ. ಅವರೆಕಾಯಿಯ ಸೊನೆಗಂಪು ನೆನೆದರೆ ಬಾಯಲ್ಲಿ ನೀರೂರುತ್ತದೆ. ಅದರ ಬಾಗಿದ ಆಕಾರವನ್ನು ಎಂದಾದರೂ ದಿಟ್ಟಿಸಿ ನೋಡಿದ್ದೀರಾ? ಹಾಗಲಕಾಯಿಯ ಮೈ, ಹುಣಿಸೆ ಎಲೆಯ ಜೋಡಿ ಸಾಲು, ಹಿಪ್ಪುನೇರಳೆಯ ಎಲೆ, ರೇಷ್ಮೆ ಗೂಡು, ಬಾವಿಯ ಮೇಲೆ ತೂಗುವ ಗೀಜಗನ ಗೂಡು, ಇವೆಲ್ಲ ಕುಚ್ಚಿನ ಆಕಾರಗಳೇ. ರಾಮೋಹಳ್ಳಿಯ ಬಳಿಯ ದೊಡ್ಡಾಲದ ಮರವನ್ನು ನೋಡಲು ಪಟ್ಟಣದ ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಮೂರು ಎಕರೆಯಷ್ಟು ಹರಡಿದ ಆ ಮರದ ಬಿಳಲುಗಳಿಗಿಂತ ಒಳ್ಳೆಯ ಕುಚ್ಚಿನ ಮಾದರಿ ಯಾವ ಅಂಗಡಿಯಲ್ಲಿದೆ?

ಎರಡನೆಯದು ಮನೆಯ ಅಂಗಳ. ಬೆಳಗಾದರೆ ನೀವು ಇಡುವ ಚುಕ್ಕಿ ರಂಗೋಲಿ ಲೆಕ್ಕದ ಚಿತ್ರ. ಕ್ರೋಶಾ ಸಹ ಲೆಕ್ಕದ ಹೆಣಿಗೆ. ಇವೆರಡೂ ಹೇಗೆ ಕೂಡುತ್ತವೆ ಎಂಬುದನ್ನು ಮುಂದೆ ತಿಳಿಸುತ್ತೇನೆ.

ಮೂರನೆಯದು ಅಜ್ಜಿಯ ಪೆಟ್ಟಿಗೆ. ಹಳೆಯ ಸೀರೆಯ ಅಂಚು, ಕೌದಿ, ಬಾಗಿಲಿನ ಮಣಿ ತೋರಣ ಇವುಗಳನ್ನು ಹೊರಗೆ ತೆಗೆದು ನೋಡಿರಿ. ಧಾರವಾಡದ ಕಡೆಯ ಹೆಂಗಸರು ಕಸೂತಿಯಲ್ಲಿ ಗೋಪುರ, ತುಳಸಿಕಟ್ಟೆ, ತೇರು, ಆನೆ, ನವಿಲು ಇವನ್ನೇ ಹಾಕಿದರು. ಅವರು ಯಾರ ಪುಸ್ತಕವನ್ನೂ ನೋಡಲಿಲ್ಲ. ದಿನವೂ ಕಣ್ಣೆದುರು ಇದ್ದದ್ದನ್ನು ನೋಡಿದರು. ಆ ಕಸೂತಿ ಇಂದು ದೇಶಕ್ಕೆಲ್ಲ ಗೊತ್ತು.

ನಾಲ್ಕನೆಯದು ಕೊರತೆ. ಮನೆಯಲ್ಲಿ ಏನು ಇಲ್ಲ, ಏನು ಹರಿದಿದೆ, ಏನು ದುಡ್ಡು ಕೊಟ್ಟು ತರುತ್ತಿದ್ದೇವೆ ಎಂದು ನೋಡಿರಿ. ಸಂತೆಗೆ ಹೋಗುವಾಗ ಪ್ಲಾಸ್ಟಿಕ್ ಚೀಲ ಕೇಳುತ್ತೀರಿ. ನೂಲಿನ ಬಲೆ ಚೀಲ ಒಂದು ಹೆಣೆದರೆ ವರ್ಷಗಟ್ಟಲೆ ಬಾಳುತ್ತದೆ, ಸೊಪ್ಪು ತರಕಾರಿಗೆ ಗಾಳಿಯೂ ಆಡುತ್ತದೆ. ಬಾಣಂತಿ ಇರುವ ಮನೆಗೆ ಕುಲಾವಿ, ಕಾಲುಚೀಲ ಬೇಕು. ಕುಂಬಳ, ಸೋರೆ ತೂಗುಹಾಕಲು ಬಲೆ ಬೇಕು. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಕುಚ್ಚು, ಹಣೆಪಟ್ಟಿ ಬೇಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರಾಸುಗಳ ಅಲಂಕಾರದ ಸಾಮಾನು ಎಷ್ಟು ಬಿಕರಿಯಾಗುತ್ತದೆ ಎಂಬುದನ್ನು ಯಜಮಾನರು ಕಣ್ಣಾರೆ ಕಂಡಿದ್ದೀರಿ. ಕುಕ್ಕೆ ಹೆಣೆದ ಕೈಗೆ ಈ ಕೆಲಸ ಭಾರವಲ್ಲ.

ಬೆಳೆ ಆರಿಸುವಂತೆ ಹೆಣಿಗೆ ಆರಿಸಿರಿ

ಮಾದರಿ ಮನಸ್ಸಿಗೆ ಬಂದ ಕೂಡಲೆ ದಾರ ಕೊಳ್ಳಲು ಓಡಬಾರದು. ಬೆಳೆ ಆರಿಸುವಾಗ ನಾವು ಮೂರು ಪ್ರಶ್ನೆ ಕೇಳುತ್ತೇವೆ: ಮಣ್ಣು ಯಾವುದು? ನೀರು ಎಷ್ಟಿದೆ? ಕೊಳ್ಳುವವರು ಯಾರು? ಇಲ್ಲಿಯೂ ಅದೇ. ಮಣ್ಣು ಎಂದರೆ ನಿಮ್ಮ ಕೈಯ ಪಳಗು. ಹೊಸಬರು ಚೀಲ, ಕಾಲೊರಸು, ತೋರಣ ಇವುಗಳಿಂದ ಆರಂಭಿಸಬೇಕು. ಸಣ್ಣ ದಾರದ ಕೆಲಸ ಆಮೇಲೆ. ನೀರು ಎಂದರೆ ಹೊತ್ತು. ಕಳೆ ಕೀಳುವ ತಿಂಗಳಲ್ಲಿ, ಹುಳು ಹಣ್ಣಾಗುವ ವಾರದಲ್ಲಿ ದೊಡ್ಡ ಮೇಜುಬಟ್ಟೆ ಹಿಡಿದರೆ ಎರಡೂ ಕೆಡುತ್ತವೆ. ಕೊಳ್ಳುವವರು ಎಂದರೆ ಒಬ್ಬ ನಿಜವಾದ ಮನುಷ್ಯ: ಯಾವ ಮನೆಯ ಯಾವ ಮಗುವಿಗೆ, ಯಾರ ಯಾವ ಸೀರೆಗೆ ಎಂಬುದು ನಿಮಗೆ ಗೊತ್ತಿರಬೇಕು.

ನಾವು ಹೊಸ ತಳಿಯನ್ನು ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಒಂದು ಮೂಲೆಯಲ್ಲಿ ಪ್ರಾತ್ಯಕ್ಷಿಕೆ ತಾಕು ಮಾಡಿ ನೋಡುತ್ತೇವೆ. ಹಾಗೆಯೇ ನಾಲ್ಕು ಬೆರಳಗಲದ ತುಂಡು ಹೆಣೆದು ನೋಡಿರಿ. ಬಿಗಿಯಾಯಿತೇ, ಸಡಿಲವಾಯಿತೇ, ಎಷ್ಟು ದಾರ ಹೋಯಿತು, ಎಷ್ಟು ಹೊತ್ತು ಹಿಡಿಯಿತು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ತುಂಡನ್ನು ಅದೇ ಹಾಳೆಗೆ ಅಂಟಿಸಿರಿ. ಒಂದು ವರ್ಷ ಕಳೆಯುವುದರೊಳಗೆ ನಿಮ್ಮದೇ ಮಾದರಿ ಪುಸ್ತಕ ಸಿದ್ಧವಾಗುತ್ತದೆ. ಅದರ ಮುಂದೆ ಕೊಂಡು ತಂದ ಪುಸ್ತಕ ಯಾವ ಲೆಕ್ಕ?

ರಂಗೋಲಿಯಿಂದ ಹೆಣಿಗೆಗೆ

ಈಗ ರಂಗೋಲಿಯ ವಿದ್ಯೆ ಹೇಳುತ್ತೇನೆ. ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕದಿಂದ ಒಂದು ಹಾಳೆ ತೆಗೆದುಕೊಳ್ಳಿರಿ. ಅಡ್ಡಕ್ಕೆ 11, ಉದ್ದಕ್ಕೆ 11 ಮನೆಗಳ ಚೌಕ ಗುರುತಿಸಿರಿ. ಮೊದಲ ಸಾಲಿನ ನಡುವೆ 1 ಮನೆ ತುಂಬಿರಿ. ಎರಡನೆಯದರಲ್ಲಿ 3, ಮೂರರಲ್ಲಿ 5, ನಾಲ್ಕರಲ್ಲಿ 7, ಐದರಲ್ಲಿ 9, ಆರರಲ್ಲಿ ಪೂರ್ತಿ 11. ಆಮೇಲೆ ಅದೇ ಕ್ರಮದಲ್ಲಿ ಇಳಿಯುತ್ತ ಹೋಗಿ 1ಕ್ಕೆ ಮುಗಿಸಿರಿ. ತುಂಬಿದ ಮನೆಗಳು ಒಟ್ಟು 61. “ಹನ್ನೊಂದು ಚುಕ್ಕಿ, ಒಂದರ ತನಕ” ಎಂದು ನೀವು ಇಡುವ ರಂಗೋಲಿಯ ಆಕಾರವೇ ಇದು.

ಹೆಣೆಯುವ ಕ್ರಮ ಹೀಗೆ: ಖಾಲಿ ಮನೆಗೆ 1 ಕಂಬ ಹಾಕಿ 2 ಸರಪಣಿ ಬಿಡುವುದು, ಕೆಳಗಿನ 2 ಕಣ್ಣು ದಾಟಿ ಮುಂದಿನ ಕಂಬ ಹಾಕುವುದು. ತುಂಬಿದ ಮನೆಗೆ ಸರಪಣಿಯ ಬದಲು 2 ಕಂಬ ಹಾಕುವುದು. ಆಗ ಸಂದು ಮುಚ್ಚುತ್ತದೆ. ಒಂದು ಮನೆಗೆ 3 ಕಣ್ಣು, ಕೊನೆಗೆ ಮುಚ್ಚುವ ಕಂಬಕ್ಕೆ 1. ಆದ್ದರಿಂದ 11 ಮನೆಗಳಿಗೆ ಅಡಿಪಾಯದ ಸರಪಣಿ 34; ಮೇಲಕ್ಕೆ ತಿರುಗಲು ಬೇಕಾದ ಸರಪಣಿ ಬೇರೆ. ಈ ಲೆಕ್ಕ ಕೈಗೆ ಬಂದರೆ ತುಳಸಿಕಟ್ಟೆ, ತೇರು, ನವಿಲು, ಮಗುವಿನ ಹೆಸರು, ಯಾವುದನ್ನು ಬೇಕಾದರೂ ಚೌಕುಳಿಗೆ ಇಳಿಸಿ ಹೆಣೆಯಬಹುದು. ಶಾಲೆಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ; ಅವಳಿಗೆ ಲೆಕ್ಕವೂ ಬರುತ್ತದೆ.

ಸೀರೆ ಕುಚ್ಚು

ನಮ್ಮ ಕಡೆ ಹೆಚ್ಚು ಗಿರಾಕಿ ಇರುವುದು ಸೀರೆ ಕುಚ್ಚಿಗೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ರವಿಕೆ ಹೊಲಿಯುವ ಅಂಗಡಿಗಳ ಮುಂದೆ “ಕುಚ್ಚು ಹಾಕಿಕೊಡಲಾಗುವುದು” ಎಂಬ ಬರಹ ಕಾಣುತ್ತೀರಿ. ಗಂಟು ಹಾಕಿ ಕಟ್ಟುವ ಮಾಮೂಲು ಕುಚ್ಚು ಎಲ್ಲರಿಗೂ ಬರುತ್ತದೆ. ಕಡ್ಡಿಯಲ್ಲಿ ಹಾಕುವ ಕ್ರೋಶಾ ಕುಚ್ಚಿಗೆ ಬೆಲೆ ಹೆಚ್ಚು.

ಸೆರಗಿನ ಅಗಲ 46 ಅಂಗುಲ ಇದೆ ಎನ್ನೋಣ. ಎರಡು ಕೊನೆಗಳಲ್ಲೂ ಅರ್ಧರ್ಧ ಅಂಗುಲ ಬಿಟ್ಟು, ಅಂಗುಲಕ್ಕೊಂದರಂತೆ ಸೀಮೆಸುಣ್ಣದಿಂದ ಗುರುತು ಮಾಡಿದರೆ ಸರಿಯಾಗಿ 46 ಕುಚ್ಚು ಬರುತ್ತವೆ. ಅಂಚನ್ನು ಮೊದಲು ಮಡಿಸಿ ಹೊಲಿದಿರಬೇಕು. ಇಲ್ಲದಿದ್ದರೆ ಕುಚ್ಚಿನ ಭಾರಕ್ಕೆ ನೂಲು ಬಿಚ್ಚಿಕೊಳ್ಳುತ್ತದೆ. ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡಿರಿ. ಬಣ್ಣ ಬಿಟ್ಟರೆ ಆ ದಾರ ಬೇಡ. ಬೇರೆಯವರ ಮದುವೆ ಸೀರೆಗೆ ಬಣ್ಣ ಹತ್ತಿಸಿದರೆ ವರ್ಷದ ದುಡಿಮೆ ದಂಡಕ್ಕೆ ಹೋದೀತು. ಮೊದಲ ಪ್ರಯೋಗವನ್ನು ಹಳೆಯ ಸೀರೆಯ ಮೇಲೆ ಮಾಡಿರಿ.

ರಾಗಿ ತೆನೆಯ ಬೆರಳು ಬಾಗುವುದು ಹೇಗೆ ಎಂದು ಕೆಲವರು ಕೇಳಿದ್ದೀರಿ. ಅವ್ವ ಹೇಳಿದ ಗುಟ್ಟು ಇದು. ಹದಿನೈದು ಇಪ್ಪತ್ತು ಸರಪಣಿ ಹಾಕಿ, ಹಿಂದಿರುಗುವಾಗ ಪ್ರತಿ ಕಣ್ಣಿಗೂ ಎರಡೆರಡು ಕುಣಿಕೆ ಹೆಣೆಯಿರಿ. ಜಾಗ ಸಾಲದೆ ಆ ಪಟ್ಟಿ ತಾನಾಗಿಯೇ ಸುತ್ತಿಕೊಂಡು ಬಾಗುತ್ತದೆ. ಅಂತಹ ಐದನ್ನು ಒಂದೇ ಬುಡದಿಂದ ಹೊರಡಿಸಿದರೆ ತೆನೆಯಾಯಿತು. ಗುಟ್ಟನ್ನು ಸಭೆಯಲ್ಲಿ ಹೇಳಬಹುದೇ ಎಂದು ಅವ್ವನನ್ನು ಕೇಳಿಯೇ ಬಂದಿದ್ದೇನೆ. “ಹೇಳಪ್ಪ, ರಾಗಿ ಎಲ್ಲರ ಹೊಲದಲ್ಲೂ ಬೆಳೀತದೆ. ಅವರವರ ತೆನೆ ಅವರವರು ಮಾಡಿಕೊಳ್ಳಲಿ” ಎಂದಳು.

ದಾರ, ಕಡ್ಡಿ, ಕಣ್ಣು

ಸಣ್ಣ ದಾರಕ್ಕೆ 1ರಿಂದ 1.5 ಮಿಲಿಮೀಟರಿನ ಉಕ್ಕಿನ ಕಡ್ಡಿ, ಉಣ್ಣೆಗೆ 3.5ರಿಂದ 4 ಮಿಲಿಮೀಟರಿನ ಕಡ್ಡಿ ಸರಿಹೋಗುತ್ತದೆ. ಮಣಿ, ದಾರಗಳಿಗೆ ಚಿಕ್ಕಪೇಟೆ, ಮಾಮೂಲುಪೇಟೆಗಳಲ್ಲಿ ಸಗಟು ಅಂಗಡಿಗಳಿವೆ. 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಕೆಂಗೇರಿಗೆ ಬಂತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೂ ಬಂತು. ವಿಜಯನಗರಕ್ಕೆ ನೇರ ರೈಲು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿದರೆ ಒಂದು ಕಡೆ ರಾಜಾಜಿನಗರ, ಇನ್ನೊಂದು ಕಡೆ ಚಿಕ್ಕಪೇಟೆ. ಒಬ್ಬೊಬ್ಬರೇ ಹೋಗುವ ಬದಲು ಸಂಘದಿಂದ ಇಬ್ಬರು ಹೋಗಿ ಎಲ್ಲರಿಗೂ ತಂದರೆ ಖರ್ಚು ಉಳಿಯುತ್ತದೆ.

ದುಡ್ಡು ಹಾಕದೆ ಕಲಿಯುವ ದಾರಿಯೂ ಉಂಟು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಹಳೆಯ ಬನಿಯನ್ನು ಒಂದು ಅಂಗುಲ ಅಗಲಕ್ಕೆ ಪಟ್ಟಿ ಕತ್ತರಿಸಿ ಎಳೆದರೆ ಅದು ಸುರುಳಿಯಾಗಿ ದಪ್ಪ ದಾರವಾಗುತ್ತದೆ. ಅದರಿಂದ ಗಟ್ಟಿಯಾದ ಕಾಲೊರಸು ಹೆಣೆಯಬಹುದು. ಉಳಿದ ಉಣ್ಣೆ ತುಂಡುಗಳಿಂದ ಸಣ್ಣ ಸಣ್ಣ ಚೌಕ ಹೆಣೆದು ಕೂಡಿಸಿದರೆ ಹೊದಿಕೆಯಾಗುತ್ತದೆ. 2016ರಲ್ಲಿ ಚೆನ್ನೈನಲ್ಲಿ ಹೆಣ್ಣುಮಕ್ಕಳು ಹೀಗೆಯೇ ಚೌಕಗಳನ್ನು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಹನಿ ಹನಿ ಕೂಡಿದರೆ ಹಳ್ಳ.

ಒಂದು ಎಚ್ಚರಿಕೆ. ಮಂಕು ದೀಪದಲ್ಲಿ ಕಪ್ಪು ದಾರ ಹೆಣೆಯಬೇಡಿರಿ. ಹಗಲಿನ ಬೆಳಕಿನಲ್ಲಿ, ಬೆನ್ನಿಗೆ ಗೋಡೆಯ ಆಸರೆ ಕೊಟ್ಟು ಕುಳಿತುಕೊಳ್ಳಿರಿ. ಆಗಾಗ ತಲೆಯೆತ್ತಿ ದೂರದ ಮರ ನೋಡಿರಿ. ದುಡ್ಡು ಇನ್ನೊಮ್ಮೆ ಬಂದೀತು, ಕಣ್ಣು ಬಾರದು.

ಕೂಲಿಯ ಲೆಕ್ಕ

ಬೆಲೆ ಹೇಳುವಾಗ ನಾಚಿಕೆ ಬೇಡ. ಆದರೆ ಲೆಕ್ಕ ಇರಲಿ. 2025-26ನೇ ಸಾಲಿಗೆ ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ದಿನಕ್ಕೆ 8 ಗಂಟೆ ಎಂದು ಹಿಡಿದರೆ ಗಂಟೆಗೆ ಸುಮಾರು 46 ರೂಪಾಯಿ. ಗುದ್ದಲಿ ಹಿಡಿದರೆ ಸಿಕ್ಕುವ ಕೂಲಿ ಕಡ್ಡಿ ಹಿಡಿದರೂ ಸಿಕ್ಕಬೇಕಲ್ಲವೇ? ಉದಾಹರಣೆಗೆ ಒಂದು ಕುಚ್ಚಿಗೆ 6 ಗಂಟೆ ಹಿಡಿಯಿತು: 276 ರೂಪಾಯಿ. ದಾರ, ಮಣಿ 80 ರೂಪಾಯಿ. ಒಂದು ಸಲಕ್ಕೆ ನಾಲ್ಕು ಸೀರೆ ಒಯ್ದರೆ 40 ರೂಪಾಯಿ ಪ್ರಯಾಣದಲ್ಲಿ ಒಂದರ ಪಾಲು 10. ಒಟ್ಟು 366. ಇದಕ್ಕಿಂತ ಕಡಿಮೆಗೆ ಕೊಟ್ಟರೆ ನಿಮ್ಮ ಕೈಯಿಂದಲೇ ಕೊಟ್ಟಂತೆ. ಮಾದರಿ ನಿಮ್ಮದೇ ಆಗಿದ್ದರೆ ಅದರ ಬೆಲೆಯನ್ನು ಮೇಲೆ ಸೇರಿಸಿರಿ. ಒಂದು ಸಂಘದವರೆಲ್ಲ ಒಂದೇ ಲೆಕ್ಕ ಹೇಳಿದರೆ “ಇನ್ನೊಬ್ಬಳು ಕಡಿಮೆಗೆ ಮಾಡುತ್ತಾಳೆ” ಎಂಬ ಮಾತು ನಡೆಯುವುದಿಲ್ಲ.

ಬಿತ್ತನೆಗೆ ಕಾಲ ಇರುವಂತೆ ಇದಕ್ಕೂ ಕಾಲವಿದೆ. ವರಮಹಾಲಕ್ಷ್ಮಿ ಹಬ್ಬಕ್ಕೂ ಮದುವೆಯ ತಿಂಗಳುಗಳಿಗೂ ಮೊದಲು ಸೀರೆ ಕುಚ್ಚು, ಯುಗಾದಿ ದೀಪಾವಳಿಗೆ ಮೊದಲು ಬಾಗಿಲ ತೋರಣ, ಸಂಕ್ರಾಂತಿಗೆ ಮೊದಲು ಎಳ್ಳುಬೆಲ್ಲದ ಪುಟ್ಟ ಚೀಲ, ರಾಸುಗಳ ಕುಚ್ಚು. ಹಬ್ಬ ಬಂದ ಮೇಲೆ ಹೆಣೆಯಲು ಕುಳಿತರೆ ಮಳೆ ಹೋದ ಮೇಲೆ ಬಿತ್ತಿದಂತೆ. ಹೆಚ್ಚಿನ ತರಬೇತಿ ಬೇಕಾದವರಿಗೆ ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆ ಸ್ವಂತ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತದೆ. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳವರು ಕೇಳಿ ತಿಳಿಯಬಹುದು.

ಕೊನೆಯ ಮಾತು

ನಮ್ಮ ಸುತ್ತ ಬಡಾವಣೆಗಳು ಏಳುತ್ತಿವೆ. ನಿನ್ನೆ ರಾಗಿ ಬೆಳೆದ ಕಡೆ ಇಂದು ಸೈಟಿನ ಕಲ್ಲು ನೆಟ್ಟಿದೆ. ಕೆಲವರ ಮಕ್ಕಳು ತೆನೆಯನ್ನು ಹತ್ತಿರದಿಂದ ನೋಡದೆಯೇ ಬೆಳೆಯಬಹುದು. ಕುಚ್ಚಿನ ಮೇಲೆ ತೆನೆ ಹೆಣೆದ ಮಾತ್ರಕ್ಕೆ ಹೊಲ ಉಳಿಯುತ್ತದೆಂದು ನಾನು ಹೇಳಲಾರೆ. ಆದರೆ ಒಂದು ಮಳೆ ತಪ್ಪಿದ ವರ್ಷ, ಹೊಲ ಮಾರದೆ ದಾಟಿಕೊಳ್ಳಲು ಈ ಕಡ್ಡಿ ಆಸರೆಯಾಗಬಹುದು. ನಮ್ಮ ಮನೆಯಲ್ಲಿ ಆಗಿದೆ.

ನಮ್ಮಪ್ಪನ ಮಾತಿನಿಂದ ಆರಂಭಿಸಿದೆ, ಅದರಿಂದಲೇ ಮುಗಿಸುತ್ತೇನೆ. ತಂಗಿಯ ಫೀಜು ಕಟ್ಟಿ ಬಂದ ದಿವಸ ಅವನು ಏನೂ ಮಾತಾಡಲಿಲ್ಲ. ಮಾರನೆಯ ದಿವಸ ಹೊಲದ ಕಡೆಯಿಂದ ಬರುವಾಗ ಬದುವಿನಲ್ಲಿ ಬಿದ್ದಿದ್ದ ಗೀಜಗನ ಗೂಡು ಒಂದನ್ನು ತಂದು ಅವ್ವನ ಮುಂದೆ ಇಟ್ಟು, “ಇದು ಬರ್ತದಾ ನೋಡು” ಎಂದ. ಕುಚ್ಚನ್ನು ಕೆಲಸವೆಂದು ಅವನು ಒಪ್ಪಿದ್ದು ಅಂದೇ.

ಆದ್ದರಿಂದ ಯಜಮಾನರೇ, ಮುಂದಿನ ಸಭೆಗೆ ಬರುವಾಗ ನೀವು ಹೊಲದಿಂದ ಒಂದು ಎಲೆಯನ್ನೋ ಕಾಯಿಯನ್ನೋ ತೆನೆಯನ್ನೋ ತನ್ನಿರಿ. ತಾಯಂದಿರೇ, ನೀವು ನಾಲ್ಕು ಬೆರಳಗಲದ ಒಂದು ತುಂಡು ಹೆಣೆದು ತನ್ನಿರಿ. ಸೊಟ್ಟಗಿದ್ದರೂ ಸರಿಯೇ. ಎಲ್ಲವನ್ನೂ ಒಂದು ಹಲಗೆಗೆ ಚುಚ್ಚಿ ಪಂಚಾಯಿತಿ ಕಟ್ಟಡದ ಗೋಡೆಗೆ ಹಾಕೋಣ. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದ್ದಾರೆ. ಮೊದಲು ನಮ್ಮ ಊರಿನ ಗೋಡೆ ತುಂಬಲಿ. ವಿಜಯನಗರದ ಅಂಗಡಿ ಆಮೇಲೆ.